ನುಣ್ಣನೆಯ ಬೆಟ್ಟ

ಇಲ್ವಾಳ ಅಡಿಗೆಮನೆಯ ಕಿಟಕಿಯಲ್ಲಿ
ಮೂವತ್ತೊಂದು ಜಾಡಿ.
ಟೊಮೆಟೊ ಗೊಜ್ಜಲ್ಲ, ಅಂಜೂರದ ಮುರಬ್ಬವೂ ಅಲ್ಲ,
ಒಂದೊಂದು ಮಳೆಯ ಮರುದಿನ
ಊರ ಬುಗ್ಗೆಯಿಂದ ಹಿಡಿದಿಟ್ಟ ನೀರು.
ಕೊರಳಿಗೆ ದಾರ, ದಾರಕ್ಕೆ ಚೀಟಿ, ಚೀಟಿಯಲ್ಲಿ ತಾರೀಖು.

ಬೆಳ್ಳಗಿರುವುದೆಲ್ಲ ಹಾಲಲ್ಲ, ಅದು ಗೊತ್ತಿದ್ದದ್ದೇ.
ಗೊತ್ತಿಲ್ಲದ್ದು ಇಷ್ಟು:
ಈ ಬಿಳುಪು ತಳಕ್ಕಿಳಿಯಲು ನಾಲ್ಕು ದಿನ ಬೇಕು.
ಬೆರಳಲ್ಲಿ ತೀಡಿದರೆ ಮಗುವಿನ ಪೌಡರಿಗಿಂತ ನಯ.
ಹೊಳೆಯ ತಳದಲ್ಲಿ, ಕಲ್ಲು ಕಲ್ಲಿನ ಸಂದಿಯಲ್ಲಿ,
ಹುಳ ಹೊರಳಬೇಕಾದಲ್ಲಿ, ಮೀನು ಮೊಟ್ಟೆಯಿಡಬೇಕಾದಲ್ಲಿ
ನುರಿತ ಮೇಸ್ತ್ರಿಯ ಹಾಗೆ ಗಾರೆ ಮೆತ್ತಿದೆ
ಒಂದು ಬಿರುಕೂ ಬಿಡದೆ.

ಅವಳಪ್ಪ ಅರ್ಗಾಂತೆ
ಇದೇ ಅಪುವಾನ್ ಬೆಟ್ಟದಿಂದ ಅಮೃತಶಿಲೆ ಇಳಿಸಿದವನು.
ಸೋಪು ಸವರಿದ ಮರದ ದಿಮ್ಮಿ, ಸೆಣಬಿನ ಹಗ್ಗ,
ಇಪ್ಪತ್ತು ಟನ್ನಿನ ಮುಂದೆ ಹಿಮ್ಮುಖ ನಡೆಯುತ್ತ
ಹಗ್ಗದವರಿಗೆ ಕೈಸನ್ನೆ.
ಸಿಡಿಸುವ ಮುನ್ನ ಶಂಖ ಊದುತ್ತಿದ್ದರಂತೆ.
ಕಣಿವೆಯ ಹೆಂಗಸರು ಬಟ್ಟೆ ಹಿಂಡುವುದನ್ನು ನಿಲ್ಲಿಸಿ
ಎರಡನೆಯ ಊದಿಗೆ ಕಾಯುತ್ತಿದ್ದರಂತೆ.
ಅದು ಬಾರದ ದಿನ
ಅವನ ಎಡಗೈಯ ಮೂರು ಬೆರಳು ಅಲ್ಲೇ ಉಳಿದವು.
"ಬೆಟ್ಟ ನನ್ನಿಂದ ತಗೊಂಡಿದೆ, ನಾನು ಬೆಟ್ಟದಿಂದ.
ಲೆಕ್ಕ ಚುಕ್ತಾ" ಅನ್ನುತ್ತಿದ್ದ.

ಈಗ ಶಂಖ ಇಲ್ಲ.
ವಜ್ರದ ಮಣಿ ಪೋಣಿಸಿದ ತಂತಿ
ಬೆಣ್ಣೆಯೊಳಕ್ಕೆ ನೂಲಿನ ಹಾಗೆ ಇಳಿಯುತ್ತದೆ.
ದೂರದ ಬೆಟ್ಟ ನುಣ್ಣಗೆ ಅನ್ನುವುದು ನಮ್ಮ ಮಾತು;
ಇಲ್ಲಿ ಹತ್ತಿರ ಹೋದಷ್ಟೂ ನುಣುಪು,
ಮೆಟ್ಟಿಲು ಮೆಟ್ಟಿಲಾಗಿ, ಯಾವ ದೇವರಿಗೂ ಏರದ ಮೆಟ್ಟಿಲು.
ದಿಂಡು ಹಡಗು ಹತ್ತುತ್ತದೆ. ಚೂರು ಲಾರಿ ಹತ್ತುತ್ತದೆ.
ಚೂರೇ ಹೆಚ್ಚು.
ಹಿಂದೆ ಸಂತರ ಮೊಣಕಾಲಾದದ್ದು
ಈಗ ಪುಡಿಯಾಗಿ, ಟೂತ್‌ಪೇಸ್ಟಾಗಿ, ಯಾರದೋ ಬಾಯಲ್ಲಿ ನೊರೆಯಾಗಿ
ದಿನಾ ಬೆಳಿಗ್ಗೆ ಉಗುಳಿಸಿಕೊಳ್ಳುತ್ತದೆ.
"ನಾನೂ ಹಲ್ಲುಜ್ಜುತ್ತೇನಲ್ಲ," ಇಲ್ವಾ ನಗುತ್ತಾಳೆ,
"ತುದಿಯ ಒಂದು ಚೂರು ನನ್ನ ಪಾಲಿಗೂ ಬಂದಿರಬೇಕು."

ಅಪ್ಪನ ಮದುವೆಯ ಫೋಟೋ ಅವಳ ಹತ್ತಿರ ಇದೆ.
ಚರ್ಚಿನ ಮೆಟ್ಟಿಲು, ಟೋಪಿಗಳು, ಹಿಂದೆ ಬೆಟ್ಟದ ಸಾಲು.
ಅದೇ ಮೆಟ್ಟಿಲ ಎದುರು ನಿಂತು ಕೈ ಚಾಚಿ ಹಿಡಿದರೆ
ಗಂಟೆಗೋಪುರ ಕೂಡುತ್ತದೆ,
ಮೂಲೆಮನೆಯ ಗೋಡೆಯಲ್ಲಿ ಕೊರೆದ
ಮೂಗು ಸವೆದ ಮಾತೆ ಮರಿಯಾ ಕೂಡುತ್ತಾಳೆ,
ಬೆಟ್ಟದ ನೆತ್ತಿಯೊಂದೇ ಕೂಡುವುದಿಲ್ಲ.
ಅಲ್ಲಿ ಆಕಾಶ ಜಾಸ್ತಿಯಾಗಿದೆ
ಮೂರು ಬೆರಳಗಲ.

ಮಧ್ಯಾಹ್ನ ಊಟಕ್ಕೆ ಅಕ್ಕನ ಮಗ ನೇವಿಯೊ ಬರುತ್ತಾನೆ,
ಚೂರಿನ ಲಾರಿಯ ಡ್ರೈವರು.
ಬಾಗಿಲಿನಿಂದ ಮೇಜಿನವರೆಗೆ ಬೂಟಿನ ಬಿಳಿ ಗುರುತು.
ಏನೋ ಮಾತಾಡುತ್ತ ಒಂದು ಜಾಡಿ ಎತ್ತಿ
ಕುಲುಕಿಬಿಡುತ್ತಾನೆ.
"ಇಡು ಕೆಳಗೆ! ಮತ್ತೆ ನಾಲ್ಕು ದಿನ ಹಿಡಿಯುತ್ತೆ."
ಇಡುತ್ತಾನೆ. ಹುರುಳಿಕಾಳಿನ ಸೂಪಿಗೆ ರೊಟ್ಟಿ ಮುರಿದು ಅದ್ದುತ್ತಾನೆ.
ಕಂತು ಇನ್ನೂ ಆರು ವರ್ಷ ಇದೆ, ಲಾರಿಯದು.
ಅವಳು ಕೇಳಿಲ್ಲ, ಅವನೇ ಹೇಳಿದ್ದು.

ಹೊರಡುವಾಗ ಹೊಸ್ತಿಲಲ್ಲಿ ನಿಂತು ಮೋಡ ನೋಡಿದ.
ಸಮುದ್ರದ ಕಡೆಯಿಂದ ಕಪ್ಪಗೆ ಏರುತ್ತಿತ್ತು.
"ಚಿಕ್ಕಮ್ಮ," ಅಂದ, ತಿರುಗದೆ,
"ಖಾಲಿ ಜಾಡಿ ಇದೆಯಾ?"