ಎಲ್ಲಿ ನೋಯುತ್ತದೆ

ಮಾರಾಟದ ಚೀಟಿಯಲ್ಲಿ ಮೊದಲು ಬರೆದದ್ದು:
ಒಳ್ಳೆಯ ಸ್ಥಿತಿ. ಹೆಚ್ಚು ಬಳಸಿಲ್ಲ.
ಎರಡನೆಯದು ನಿಜ.
ಯಾಕೆ ಬಳಸಿಲ್ಲ ಎಂದು ಬರೆಯಲು
ಚೀಟಿ ಸಾಲಲಿಲ್ಲ.

ಇದರ ಮೈ ಸೀಳಿದ ಮೀನಿನ ಬಾಲ.
ಕೂತು ತೊಡೆಗಿಟ್ಟುಕೊಂಡರೆ ಜಾರುತ್ತದೆ,
ಇಳಿಸು ಇಳಿಸು ಎಂದು ಹಟ ಹಿಡಿದ ಕೂಸಿನ ಹಾಗೆ.
ನಿಂತರೆ ತಲೆಭಾರ. ಕತ್ತು ಮೆಲ್ಲಗೆ ಬಾಗಿ
ನೆಲ ನೋಡುತ್ತದೆ. ಎಡಗೈ
ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋತು
ನುಡಿಸಲು ಬಂದದ್ದನ್ನು ಮರೆಯುತ್ತದೆ.
ಅಂಚು ಅಂದರೆ ಅಂಚೇ:
ಮುಂಗೈಯ ಒಳಬದಿಗೆ ಒಂದು ಕೆಂಪು ಗೆರೆ,
ಸ್ನಾನದ ನೀರು ಬಿದ್ದಾಗ ಚುರುಗುಟ್ಟುವ ಗೆರೆ.

ನಾನು ಬಲ್ತಸಾರ್.
ವಾಲ್ಪರೈಸೊದಲ್ಲಿ ಟ್ರಾಲಿ ಬಸ್ಸು ಓಡಿಸುವವನು,
ಇಪ್ಪತ್ತಾರು ವರ್ಷ, ಅದೇ ತಂತಿಯ ಕೆಳಗೆ, ಅದೇ ಬೀದಿ.
ಮೊಣಕಾಲನ್ನು ಪೆಡಲಿಗೆ ಬರೆದುಕೊಟ್ಟಾಗಿದೆ.
ಈ ಗಿಟಾರು ತಂದಾಗ ನನಗೆ ಇಪ್ಪತ್ತೆರಡು,
ನಿಲ್ಲುವುದು ಒಂದು ಕೆಲಸವೆಂದೇ ಗೊತ್ತಿರಲಿಲ್ಲ.
ಮೋಟಾರ್‌ಸೈಕಲ್ಲು ಕೊಟ್ಟು ತಂದೆ,
ಓಡುತ್ತಿದ್ದ ಮೋಟಾರ್‌ಸೈಕಲ್ಲು!
ನೋವು ನನ್ನದೇ ತಪ್ಪು ಅಂದುಕೊಂಡೆ.
ಪಳಗುತ್ತದೆ, ಅಂದರು ಗೆಳೆಯರು.
ಪಳಗಬೇಕಾದದ್ದು ಅದೋ ನಾನೋ
ಯಾರೂ ಬಿಡಿಸಿ ಹೇಳಲಿಲ್ಲ.

ಹೆರ್ಮಿನಿಯಾ ಮಾತ್ರ ಪ್ರತಿ ಸಲ ಗುಡಿಸುವಾಗಲೂ ಕೇಳುತ್ತಾಳೆ:
ಚಪ್ಪಲಿ ಕಚ್ಚಿದರೆ ಮರುದಿನವೇ
ಅಂಗಡಿಯವನ ಮುಖಕ್ಕೆ ಹಿಡಿಯುವವನು ನೀನು,
ಇದನ್ನೇಕೆ ಮೂವತ್ತು ವರ್ಷ ಇಟ್ಟುಕೊಂಡೆ?
ಪೊರಕೆ ಹಾದುಹೋಗಲು
ಪೆಟ್ಟಿಗೆ ಎತ್ತಿ ಕೊಡುತ್ತೇನೆ.
ಅದೇ ಉತ್ತರ.

ಶನಿವಾರ, ಬಂದರಿನ ಮಂಜು ಗುಡ್ಡ ಹತ್ತುವ ಮೊದಲೇ
ಹತ್ತಿ ಬಂದಳು ಯೆಸೇನಿಯಾ.
ಇನ್ನೂರ ಹದಿನಾರು ಮೆಟ್ಟಿಲು, ಏದುಸಿರಿಲ್ಲ.
ಮೀನು ಮಾರುಕಟ್ಟೆಯಲ್ಲಿ ಐಸು ಒಡೆಯುತ್ತೇನೆ ಅಂದಳು.
ಅಂಗೈ ನೋಡಿ ನಂಬಿದೆ.

ಬೆಲೆ ಕೇಳಲಿಲ್ಲ.
ಎಲ್ಲಿ ನೋಯುತ್ತದೆ, ಅಂದಳು.
ಗಿಟಾರಿಗಾ?
ನಿಮಗೆ.

ತೋಳು ಮಡಿಸಿ ಗೆರೆ ತೋರಿಸಿದೆ.
ಭುಜದಲ್ಲಿ ಪಟ್ಟಿ ಕೂರುವ ತಗ್ಗು ತೋರಿಸಿದೆ,
ಹೆಬ್ಬೆರಳ ಬುಡ, ಪಕ್ಕೆಲುಬಿನ ಕೆಳಗೆ ಇಲ್ಲಿ,
ಉಸಿರೆಳೆದಾಗ ಇನ್ನೂ ಸ್ವಲ್ಪ ಮೇಲೆ.
ತೋರಿಸುತ್ತ ತೋರಿಸುತ್ತ
ಅಂಗಿಯ ಮೂರು ಗುಂಡಿ ಬಿಚ್ಚಿದ್ದೆ.
ವೈದ್ಯರ ಮುಂದೆ ಕೂಡ
ಇಷ್ಟು ಚೆನ್ನಾಗಿ ವಿವರಿಸಿದವನಲ್ಲ.

ಅವಳು ಪಟ್ಟಿ ಹೆಗಲಿಗೆ ಹಾಕಿ ನಿಂತಳು.
ಕತ್ತು ಬಾಗಿತು, ನನಗೆ ಬಾಗಿದಷ್ಟೇ.
ಕಣ್ಣು ಮುಚ್ಚಿ ಒಂದೇ ತಂತಿ ಮೀಟಿದಳು,
ಆಂಪ್ಲಿಫೈಯರಿಲ್ಲದೆ, ಸೊಳ್ಳೆಯಷ್ಟು ಸದ್ದು.
ನನಗೂ ನೋಯುತ್ತದೆ, ಅಂದಳು,
ಆದರೆ ಬೇರೆ ಕಡೆ.

ಆಮೇಲೆ ಚೌಕಾಸಿ. ಕೇಳಿದ್ದು ಒಂದು ಲಕ್ಷ ಇಪ್ಪತ್ತು ಸಾವಿರ ಪೆಸೊ.
ಮುಂಗೈಗೆ ಹತ್ತು ಸಾವಿರ ಇಳಿಸಿ,
ಭುಜಕ್ಕೆ ಹದಿನೈದು.
ಮೊಣಕಾಲು? ಅಂದೆ, ತಮಾಷೆಗೆ.
ಮೊಣಕಾಲು ಬಸ್ಸಿನದ್ದು, ಅದಕ್ಕೆ ಬಿಡುವುದಿಲ್ಲ.
ತೊಂಬತ್ತೈದು ಎಣಿಸಿ ಕೊಟ್ಟಳು,
ನೋಟುಗಳಿಗೆ ಮೀನಿನ ತಂಪು ವಾಸನೆ.

ಕಿಟಕಿಯಿಂದ ನೋಡಿದೆ.
ಮೊದಲ ತಿರುವಿನಲ್ಲಿ ಕೈ ಬದಲಿಸಿದಳು.
ಎರಡನೆಯದರಲ್ಲಿ ಮತ್ತೆ.
ಮೂರನೆಯದಕ್ಕೆ ಮಂಜು ಬಂದಿತ್ತು.
ಆಗ ನೆನಪಾಯಿತು: ಹಳೆಯ ಬಸ್ ಕಾರ್ಡು ಕತ್ತರಿಸಿ ಮಾಡಿದ
ಮೀಟುವ ಚೂರು ನನ್ನ ಜೇಬಿನಲ್ಲೇ ಉಳಿದಿದೆ.
ಕೂಗಬಹುದಿತ್ತು.

ರಾತ್ರಿ ಊಟಕ್ಕೆ ಕೂತಾಗ ಹೆರ್ಮಿನಿಯಾ
ನನ್ನನ್ನೇ ನೋಡುತ್ತಿದ್ದಳು.
ಎಡಗೈ ಯಾಕೆ ಹಾಗೆ ಎತ್ತಿಕೊಂಡಿದ್ದೀಯ?
ನೋಡಿದೆ. ಹೌದು, ಎತ್ತಿತ್ತು,
ಬಾಗುವುದೇನನ್ನೋ ತಡೆಯುವ ಹಾಗೆ
ಬೆರಳು ಅರೆ ಮಡಚಿ.

ಅವಳು ಅದರಲ್ಲಿ
ಉಪ್ಪಿನ ಡಬ್ಬಿ ಇಟ್ಟಳು.