ಒಳಂಚು

ಹೊರಗಿನಿಂದ ನೋಡಿದರೆ ಟಯರು ಹೊಚ್ಚಹೊಸದು.
ಗುಂಡಿಯ ಮೇಲೆ ಕಾರು ನಿಲ್ಲಿಸಿ, ಕೆಳಗಿಳಿದು
ಒಳಮಗ್ಗುಲಿಗೆ ದೀಪ ಹಿಡಿದೆ:
ರಬ್ಬರಿಲ್ಲ. ತಂತಿ.
ಹಳೇ ಅಂಗಿಯ ಕಾಲರಿನಿಂದ ಇಣುಕುವ
ನೂಲಿನ ಹಾಗೆ, ಉಕ್ಕಿನ ತಂತಿ.

"ನಾಲ್ಕೇ ತಿಂಗಳು, ಆಂಟಿ ರುವೈದಾ.
ಅಂಗಡಿಯವನು ಟೋಪಿ ಹಾಕಿದ" ಎಂದ ಕ್ಲೇಟನ್.
ಅಂಗಡಿಯವನ ತಪ್ಪಲ್ಲ ಮಾರಾಯ.

ಹಳದಿ ಗಾಲ್ಫು. ಇವನಿಗಿಂತ ವಯಸ್ಸಾದದ್ದು.
ಸ್ಪ್ರಿಂಗಿನ ಎರಡು ಸುತ್ತು ಗ್ರೈಂಡರಿನಲ್ಲಿ ಕೊಯ್ದು
ನೆಲಕ್ಕೆ ಹೊಟ್ಟೆ ಹಚ್ಚಿ ಕೂರಿಸಿದ್ದಾನೆ.
ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ
ಕಿರುಬೆರಳೂ ತೂರದು.
ಇಳಿದಷ್ಟೂ ಚೆಂದ ಅನ್ನುತ್ತಾರೆ ಇಲ್ಲಿನ ಹುಡುಗರು.
ಚೆಂದವೇ. ನಾನೇನು ಇಲ್ಲವೆಂದೆನೆ?
ಹತ್ತೊಂಬತ್ತರಲ್ಲಿ ನಾನೂ ಒಂದನ್ನು ಇಳಿಸಿದ್ದೆ,
ಮಿಚೆಲ್ಸ್ ಪ್ಲೇನಿನ ಒಂದೊಂದು ಉಬ್ಬನ್ನೂ
ಓರೆಯಾಗಿ ಹತ್ತುತ್ತಿದ್ದೆ, ಉಸಿರು ಬಿಗಿಹಿಡಿದು.

ಆದರೆ ಮೈ ಇಳಿದಾಗ ಕಾಲು ಬೇರೆ ಥರ ನಿಲ್ಲುತ್ತದೆ.
ನೆತ್ತಿ ಒಳಕ್ಕೆ ವಾಲಿ, ಪಾದ ಹೊರಕ್ಕೆ ಚಾಚಿ,
ಭಾರವೆಲ್ಲ ಒಳಂಚಿಗೆ.
ಮೇಲೆ ಥಳಕು ಒಳಗೆ ಹುಳುಕು ಎಂದು
ಟಯರನ್ನು ಬಯ್ದು ಏನು ಬಂತು?
ಆ ವಾಲನ್ನಾದರೂ ಅದು ತಾಳಿಕೊಂಡೀತು.
ತಿಂದು ಮುಗಿಸುವುದು ಇನ್ನೊಂದು ಸೊಟ್ಟ:
ಜೋಡಿಚಕ್ರದ ಒಂದು ಮೂಗು ಸಮುದ್ರಕ್ಕೆ,
ಒಂದು ಬೆಟ್ಟಕ್ಕೆ,
ಕಾರು ಮಾತ್ರ ನೆಟ್ಟಗೆ ಹೋಗಬೇಕು.
ಹೋಗುತ್ತದೆ.
ಉಜ್ಜಿಕೊಂಡು.

ಇಲ್ಲಿ ಕೊಡು ಕೈ. ಹೀಗೆ ಸವರು: ಬೆಕ್ಕಿನ ಬೆನ್ನು.
ಈಗ ಹಿಂದಕ್ಕೆ ಸವರು.
ಗರಗಸ. ಅಲ್ಲವೆ?

ಅಪ್ಪನ ಹತ್ತಿರ ಯಂತ್ರವಿರಲಿಲ್ಲ.
ಕಾಲ್ಕ್ ಬೇ ಬಂದರಿನಿಂದ ತಂದ ಗಾಳದ ದಾರ,
ನಾಲ್ಕು ಕಬ್ಬಿಣದ ಗೂಟ.
ಕಾರಿನ ಎರಡೂ ಬದಿಗೆ ದಾರ ಬಿಗಿದು
ತುಟಿಯಲ್ಲಿ ಸ್ಕೇಲು ಕಚ್ಚಿ
ಕುಕ್ಕರಗಾಲಲ್ಲಿ ಸುತ್ತು ಬರುತ್ತಿದ್ದ.
ಆಗ್ನೇಯದ ಗಾಳಿ ಎದ್ದರೆ ದಾರ ಗುಂಯ್ಗುಡುತ್ತಿತ್ತು.
ಆವತ್ತು ಅಂಗಡಿ ಬಂದ್.
ನನ್ನದು ಗೋಡೆಯ ಪರದೆ, ಕೆಂಪು ಅಂಕಿ, ಹಸಿರು ಅಂಕಿ,
ಇನ್ನೂ ಹದಿನೆಂಟು ಕಂತು ಬಾಕಿ.

ಒಂದು ಲೆಕ್ಕ ಮಾತ್ರ ಕೂಡಲಿಲ್ಲ.
ಹಿಂದಿನ ಟಯರೂ ಯಾಕೆ ಹೀಗೆ, ಅದೂ ಎಡದ್ದು?
"ಹಿಂದೆ ಏನು ಹೇರುತ್ತೀ? ಸ್ಪೀಕರೋ?"
ಬೂಟಿನ ತುದಿಯಿಂದ ನೆಲ ಕೆರೆದ.
"ಶಾಲೆ ಮಕ್ಕಳು. ಬೆಳಿಗ್ಗೆ ಐದು, ಮಧ್ಯಾಹ್ನ ಐದು.
ರಿಮ್ಮಿನ ಸಾಲ ತೀರಬೇಕಲ್ಲ."

ಮೊದಲೇ ಹೇಳಬಾರದಿತ್ತೆ!
ಖಾಲಿ ಕಾರನ್ನು ಅಳೆದು ನಾನೇನು ಮಾಡಲಿ,
ಖಾಲಿಯಾಗಿ ಅದು ಎಲ್ಲಿಗೂ ಹೋಗದಿರುವಾಗ?
ಕರೆದುಕೊಂಡು ಬಾ.

ಎರಡೂವರೆಗೆ ಬಂದರು. ಬೂದು ಸಾಕ್ಸು, ಬೆನ್ನಿಗೆ ಚೀಲ,
ಒಬ್ಬಳ ಕೈಯಲ್ಲಿ ಕೊಬ್ಬರಿ ಮೆತ್ತಿದ ಅರ್ಧ ಕುಸಿಸ್ಟರ್.
ಒಬ್ಬೊಬ್ಬರನ್ನಾಗಿ ಹತ್ತಿಸಿದೆ, ಚೀಲಗಳನ್ನೂ,
ದಪ್ಪನೆಯ ಹುಡುಗ ದಿನಾ ಕೂರುವ ಎಡಮೂಲೆಗೇ.
ಸ್ಟೇರಿಂಗಿಗೆ ಕ್ಲೇಟನ್.
"ಅಲುಗಬೇಡಿ. ಉಸಿರಾಡಬಹುದು."

ಹಿಂದಿನ ಆಕ್ಸಲ್ಲಿಗೆ ತಿರುಪಿಲ್ಲ,
ಕಾಗದದಷ್ಟು ತೆಳ್ಳನೆಯ ತಗಡು ಕೊಟ್ಟೆ.
ಮುಂದಕ್ಕೆ ಬಂದು ರಾಡಿಗೆ ಸ್ಪ್ಯಾನರು ಹಾಕಿದೆ.
ಕಾಲು ಸುತ್ತು. ಇನ್ನೊಂದು ಕೂದಲೆಳೆ.
ಕೆಂಪು ಹಸಿರಾಗುವಷ್ಟರಲ್ಲಿ
ಯಾರೋ ಯಾರ ಕಿವಿಯಲ್ಲೋ ಏನೋ ಉಸುರಿ
ಒಬ್ಬಳು ಕಿಸಕ್ಕೆಂದಳು. ಆಮೇಲೆ ಐವರೂ.
ನನ್ನ ತಲೆಯ ಮೇಲೆ ಇಡೀ ಕಾರು ಕುಲುಕಿತು,
ಪರದೆಯಲ್ಲಿ ಅಂಕಿ ಹಸಿರು, ಕೆಂಪು, ಹಸಿರು, ಮತ್ತೆ ಕೆಂಪು.
ಬಯ್ಯಲು ಬಾಯಿ ತೆರೆದವಳು
ನಟ್ಟಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆ.
ನಗು ಮುಗಿಯಲಿ.

ಹೊರಡುವಾಗ ಗೇಟಿನ ಉಬ್ಬಿಗೆ ಹೊಟ್ಟೆ ತಗಲಿ
ಕರ್ರೆಂದಿತು. ಒಳಗಿಂದ ಒಟ್ಟಿಗೆ "ಆಯ್!"
ತಂತಿ ಬಿಟ್ಟ ಟಯರುಗಳು ನನ್ನ ಗೋಡೆಗೊರಗಿವೆ,
ಬೀದಿಯ ಕಡೆಗೆ ಹೊಸ ಮುಖ ತೋರಿಸಿಕೊಂಡು.
ದುಡ್ಡು ಅರ್ಧ ಕೊಟ್ಟ.
ಇನ್ನರ್ಧ ಶುಕ್ರವಾರವಂತೆ.