ಆರೋ ಒಂಬತ್ತೋ

ಒಂಬತ್ತನೇ ತಾರೀಖು, ಶುಕ್ರವಾರ,
ಹತ್ತೂವರೆಗೇ ಹೋಗಿ ಬೆಂಚಿನ ತುದಿಗೆ ಕೂತೆ.
ಇಸ್ತ್ರಿಯ ಅಂಗಿ, ತೊಡೆಯ ಮೇಲೆ ಕಡತ,
ಕಡತದೊಳಗೆ ಮೂರು ಮೂರು ಪ್ರತಿ ಎಲ್ಲದರದ್ದೂ.
ಅಮದಳ್ಳಿಯಿಂದ ಸೀಟಿದ್ದರೂ ನಿಂತೇ ಬಂದಿದ್ದೆ
ಅಂಗಿ ಮುದುಡೀತೆಂದು.
ಬಿಣಗಾ ದಾಟುವಾಗ, ಹೇಳಬೇಕಾದ್ದನ್ನು
ಬಾಯೊಳಗೇ ಒಮ್ಮೆ ಹೇಳಿಕೊಂಡಿದ್ದೆ.

ಹನ್ನೊಂದಾಯಿತು, ಹನ್ನೊಂದೂಕಾಲು.
ಯಾರ್ಯಾರದೋ ಹೆಸರು ಕೂಗಿದ ಜವಾನ ಹಮ್ಮು ಗೌಡ.
ನನ್ನದು ಬರಲಿಲ್ಲ.
ಕೇಳಿದರೆ ಕಾಗದ ಇಸಕೊಂಡು ಓದಿದ, ಮುಖ ನೋಡಿದ:
‘ಇದು ಆರು, ಮಾರಾಯ.
ಮಂಗಳವಾರವೇ ಆಗಿಹೋಯ್ತಲ್ಲ.
ನಾನೇ ಕೂಗಿದ್ದೆ ಮೂರು ಸಲ,
ಪುರ್ಸು ಸೋಮಾ ತಾಂಡೇಲ, ಪುರ್ಸು ಸೋಮಾ ತಾಂಡೇಲ,
ಮೂರನೇ ಸಲ ಸ್ವಲ್ಪ ಗಟ್ಟಿಯಾಗಿಯೇ.’

ಕನ್ನಡದ ಅಂಕಿ. ಕೈಬರಹ. ನೀಲಿ ಶಾಯಿ.
ಬಾಲ ಅತ್ತ ತಿರುಗಿದರೆ ಆರು, ಇತ್ತ ತಿರುಗಿದರೆ ಒಂಬತ್ತು.
ಬರೆದವರಿಗೆ ಅಂದು ಅವಸರವಿತ್ತೋ ಏನೋ
ಎತ್ತಲೂ ಪೂರ್ತಿ ತಿರುಗದೆ ನಡುವೆ ನಿಂತಿತ್ತು ಬಾಲ.
ಆದರೂ ತಪ್ಪು ಅವರದೆನ್ನಲಾರೆ.

ನಗಬೇಡಿ, ಹತ್ತೊಂಬತ್ತು ವರ್ಷ ನನ್ನ ಕೆಲಸವೇ ಅಂಕಿ.
ಮುದಗಾದ ಮೀನು ಫ್ಯಾಕ್ಟರಿಯಲ್ಲಿ ಕಾಟಾದ ಪಕ್ಕ
ಒಂದು ಸ್ಟೂಲು, ಪೆನ್ನು, ನೀರು ಕುಡಿದು ಉಬ್ಬಿದ ಲೆಜರು.
ತಾರ್ಲೆ ಇಷ್ಟು ಕಿಲೋ, ಐಸು ಕಳೆದರೆ ಇಷ್ಟು.
ದೋಣಿಯವರು ಕಂಜೂಸ ಎಂದು ಬೈದದ್ದುಂಟು,
ಸುಳ್ಳ ಎಂದವರಿಲ್ಲ.
ಆದರೆ ಅವೆಲ್ಲ ಇಂಗ್ಲಿಷ್ ಅಂಕಿ.
ಮನೆಯಲ್ಲಿ ಎಣಿಸುವುದು ಕೊಂಕಣಿಯಲ್ಲಿ.
ಕನ್ನಡದ್ದು ಬರೆದದ್ದು ನಾಲ್ಕನೇ ಇಯತ್ತೆಯಲ್ಲಿ, ಸ್ಲೇಟಿನ ಮೇಲೆ;
ಉಗುಳು ಹಚ್ಚಿ ಒರೆಸಿದ್ದೂ ಆಗಲೇ.

ತಾರ್ಲೆ ಬರುವುದು ನಿಂತಿತು, ಫ್ಯಾಕ್ಟರಿ ಮುಚ್ಚಿತು.
‘ತಾನಾಗಿ ಬಿಟ್ಟು ಹೋದ’ ಎಂದು ಬರೆದು ಕೊಟ್ಟರಂತೆ ಕಂಪನಿಯವರು.
ತಾನಾಗಿ ಬಿಟ್ಟವನಿಗೆ ನಿರುದ್ಯೋಗ ಭತ್ಯೆ ಇಲ್ಲ.
ಬಿಟ್ಟಿಲ್ಲ, ಬಿಡಿಸಿದರು ಎಂದು ಹೇಳಲಿಕ್ಕೆ
ನನಗೆ ಸಿಕ್ಕಿದ್ದು ಒಂದು ದಿನ, ಹನ್ನೊಂದು ಗಂಟೆ.
ಈಗ ಹೆಸರಿನ ಮುಂದೆ: ಗೈರುಹಾಜರು.
ಕಂಪನಿ ಹೇಳಿದ ಹಾಗೆಯೇ ಆಯಿತಲ್ಲ,
ಕರೆದರೂ ಬರಲಿಲ್ಲ ಈ ಮನುಷ್ಯ.

ಮಂಗಳವಾರ ಹನ್ನೊಂದಕ್ಕೆ ಎಲ್ಲಿದ್ದೆ?
ಹೇಳಿದರೆ ನಂಬಲಿಕ್ಕಿಲ್ಲ.
ಇದೇ ಕಾರವಾರದಲ್ಲಿ, ಇದೇ ರಸ್ತೆಯಲ್ಲಿ,
ಈ ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ,
ಒಂಬತ್ತಕ್ಕೆ ಬೇಕೆಂದು ಪ್ರತಿ ಮಾಡಿಸುತ್ತಿದ್ದೆ.
ಕರೆಂಟು ಹೋಯಿತು. ಕಾದೆ.
ಆಚೆ ಬದಿಯ ಈ ಕಿಟಕಿಗಳನ್ನೇ ನೋಡುತ್ತ
ಇನ್ನು ಮೂರೇ ದಿನ ಎಂದುಕೊಂಡೆ.
ಕರೆಂಟು ಬಂದು ಯಂತ್ರ ಗುರ್ ಎನ್ನದಿದ್ದರೆ
ಆ ಮೂರನೇ ಕೂಗಾದರೂ ಕೇಳಿಸುತ್ತಿತ್ತೋ ಏನೋ.
ಹದಿನೆಂಟು ಹಾಳೆ, ಮೂವತ್ತಾರು ರೂಪಾಯಿ.
ನೋಟೀಸಿನದೂ ಮೂರು ಪ್ರತಿ ಮಾಡಿಸಿದ್ದೆ;
ನನ್ನ ತಪ್ಪು ಈಗ ನಾಲ್ಕು ಕಡೆ ಇದೆ.

ಹಮ್ಮು ಗೌಡ ಒಳಗೆ ಹೋಗಿ ಒಂದು ನಮೂನೆ ತಂದ.
‘ಮತ್ತೊಮ್ಮೆ ಕೇಳಿ ಅಂತ ಅರ್ಜಿ ಹಾಕು. ಮೇಡಮ್ಮು ಕೆಟ್ಟವರಲ್ಲ.
ಆದರೆ ಕಾರಣ ಗಟ್ಟಿ ಇರಬೇಕು. ಜ್ವರ ಅಂತ ಬರಿ,
ಡಾಕ್ಟರ ಚೀಟಿ ಎಲ್ಲಾದರೂ ಸಿಕ್ತದೆ.’
‘ಗೈರುಹಾಜರಿಗೆ ಕಾರಣ’, ಅದರ ಮುಂದೆ ಒಂದೇ ಗೆರೆ,
ಬೆರಳುದ್ದ.
ಜ್ವರ ಅದರಲ್ಲಿ ಹಿಡಿಯುತ್ತಿತ್ತು.
ಸ್ಲೇಟು ಹಿಡಿಯುವುದಿಲ್ಲ, ಝೆರಾಕ್ಸ್ ಅಂಗಡಿ ಹಿಡಿಯುವುದಿಲ್ಲ.

ಒಂದು ಕಿಲೋ ಐಸನ್ನೂ ಮೀನೆಂದು ಬರೆದವನಲ್ಲ ನಾನು.
ಪೆನ್ನು ತೆಗೆದೆ.
‘ಆರನ್ನು ಒಂಬತ್ತೆಂದು ಓದಿದೆ.’
ಬರೆದ ಮೇಲೂ ಗೆರೆಯಲ್ಲಿ ಜಾಗ ಉಳಿಯಿತು.
ಕೆಳಗೆ ಸಹಿ ಮಾಡಿದೆ, ಕನ್ನಡದಲ್ಲೇ.
ಪಕ್ಕದಲ್ಲಿ ಇವತ್ತಿನ ತಾರೀಖು.
ಬಾಲ ಯಾವ ಕಡೆಗೆ, ಹಮ್ಮು ಗೌಡ,
ಒಮ್ಮೆ ಬರೆದು ತೋರಿಸು ಮಾರಾಯ.